ಬೇರಿಂಗು, ಬೆಸುಗೆ ಮತ್ತು ಒಂದು ಗಂಟೆ

ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಸೈಕಲ್ಲು ಕಲಿತವರು ನಾವು. ಅಂಗಡಿಯವನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದು, ಅದರ ಮುಂದೆ ಹೊತ್ತು ಬರೆದನೆಂದರೆ ಅಲ್ಲಿಂದಾಚೆಗೆ ಗಡಿಯಾರ ನಮ್ಮ ಬೆನ್ನು ಹತ್ತಿದ ಹಾಗೆ. ಸೀಟು ಎಟುಕದ ವಯಸ್ಸು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ತುಳೀಬೇಕು, ಬೀಳಬೇಕು, ಮಂಡಿ ತರಚಿಕೊಳ್ಳಬೇಕು, ಕಳಚಿದ ಚೈನನ್ನು ಕೈಯೆಲ್ಲ ಮಸಿ ಮಾಡಿಕೊಂಡು ಏರಿಸಬೇಕು, ಅಷ್ಟರಲ್ಲೇ ವಾಪಸು ಬರಬೇಕು. ಐದು ನಿಮಿಷ ತಡವಾದರೆ ಇನ್ನರ್ಧ ಗಂಟೆಯ ಕಾಸು. ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕವನ್ನು ನಾವು ಶಾಲೆಯಲ್ಲಿ ಕಲಿಯಲಿಲ್ಲ. ಬಾಡಿಗೆ ಅಂಗಡಿಯ ಆ ಹಲಗೆಯೇ ಕಲಿಸಿತು.

ಇದೇ ಲೆಕ್ಕ ಯುರೋಪಿನಲ್ಲಿ ಒಂದು ದೊಡ್ಡ ಪಂದ್ಯ. ಅದರ ಹೆಸರು ಗಂಟೆಯ ದಾಖಲೆ. ಎದುರಾಳಿ ಅಂತ ಯಾರೂ ಇರೋದಿಲ್ಲ. ಒಬ್ಬ ಸವಾರ, ಒಂದು ಸೈಕಲ್ಲು, ದುಂಡನೆಯ ಒಂದು ಓಟದ ಕಣ, ಒಂದು ಗಂಟೆ. ಹೊತ್ತು ಮುಗಿಯುವಾಗ ಎಷ್ಟು ದೂರ ತುಳಿದಿದ್ದಾನೋ ಅಷ್ಟೇ ಲೆಕ್ಕ. 1893ರ ಮೇ 11ರಂದು ಪ್ಯಾರಿಸಿನಲ್ಲಿ ಆನ್ರಿ ದೆಗ್ರಾಂಜ್ ಎಂಬಾತ 35.325 ಕಿಲೋಮೀಟರು ತುಳಿದು ಹೆಸರು ಬರೆಸಿಕೊಂಡ. ಹತ್ತು ವರ್ಷದ ಮೇಲೆ ತನ್ನ ಪತ್ರಿಕೆಯ ಪ್ರಸಾರ ಏರಿಸಲಿಕ್ಕೆ ಟೂರ್ ದ ಫ್ರಾನ್ಸ್ ಶುರುಮಾಡಿದವನೂ ಇವನೇ. 1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದ ತೆಳು ಗಾಳಿಯಲ್ಲಿ 49.431 ಕಿಲೋಮೀಟರು ತುಳಿದ. 1984ರಲ್ಲಿ ಅದೇ ಊರಿನಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ 51.151ಕ್ಕೆ ಮುಟ್ಟಿದ. ಅವನ ಹಿಂದೆ ವೈದ್ಯರಿದ್ದರು, ಎಂಜಿನಿಯರುಗಳಿದ್ದರು, ಕಡ್ಡಿಗಳ ಬದಲು ತಟ್ಟೆಯಂತೆ ಮುಚ್ಚಿದ ಚಕ್ರಗಳಿದ್ದವು. ಒಂಬತ್ತು ವರ್ಷ ಆ ದಾಖಲೆಯ ಹತ್ತಿರ ಯಾರೂ ಸುಳಿಯಲಿಲ್ಲ.

ಸುಳಿದವನು ಸಾಲಗಾರ. ಸ್ಕಾಟ್‌ಲೆಂಡಿನ ಏರ್‌ಶೈರ್ ಸೀಮೆಯಲ್ಲಿ ಒಂದು ಸೈಕಲ್ ಅಂಗಡಿ ಇಟ್ಟು ಮುಳುಗಿಸಿಕೊಂಡವನು. ಹೆಸರು ಗ್ರೇಮ್ ಓಬ್ರೀ. 1993ರ ಜುಲೈ 17ರಂದು ನಾರ್ವೆಯ ಹಾಮರ್ ಎಂಬ ಊರಿನಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಅವನು 51.596 ಕಿಲೋಮೀಟರು ತುಳಿದ. ಮೋಸರನಿಗಿಂತ 445 ಮೀಟರು ಜಾಸ್ತಿ. ಅವನ ಹಿಂದೆ ದೊಡ್ಡ ಕಂಪನಿ ಇರಲಿಲ್ಲ. ಅವನು ತುಳಿದ ಸೈಕಲ್ಲಿನ ಚೌಕಟ್ಟನ್ನು ಬೆಸೆದವನು ಅವನೇ. ಅದರ ಪೆಡ್ಲಿನ ಅಚ್ಚು ತಿರುಗುತ್ತಿದ್ದದ್ದು ಬಟ್ಟೆ ಒಗೆಯುವ ಮೆಷಿನ್ನಿನಿಂದ ಬಿಚ್ಚಿದ ಬೇರಿಂಗುಗಳ ಮೇಲೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇವೆ. ಇವನನ್ನು ನಮ್ಮವನು ಅಂತ ಎಳೆದುಕೊಳ್ಳುವ ಆಸೆ ನಮಗಿಲ್ಲ. ಇವನು ಬಿಳಿಯ, ಪೋಲೀಸನ ಮಗ. ಹುಟ್ಟಿದ್ದು ಇಂಗ್ಲೆಂಡಿನ ನನೀಟನ್ನಿನಲ್ಲಿ, 1965ರಲ್ಲಿ. ಬೆಳೆದದ್ದು ಏರ್‌ಶೈರಿನ ನ್ಯೂಮಿಲ್ನ್ಸ್ ಎಂಬ ನೇಕಾರರ ಊರಿನಲ್ಲಿ, ಲೇಸು ನೇಯುವ ಮಗ್ಗಗಳ ನಡುವೆ. ಪೋಲೀಸನ ಮಗ ಅನ್ನೋ ಕಾರಣಕ್ಕೇ ಶಾಲೆಯ ಹುಡುಗರ ಕೈಲಿ ಏಟು ತಿಂದವನು. ಆ ಏಟು ಬೇರೆ, ನಮ್ಮ ಕೇರಿಗಳು ತಿಂದ ಏಟು ಬೇರೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಮೇಲಿನ ಬೀದಿ ದಾಟಬೇಕಾಗಿದ್ದ ಊರುಗಳು ನಮ್ಮ ಕಡೆ ಇದ್ದವು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ನಾವು ಇವನ ಕತೆ ಬರೀತಿರೋದು ಬೇರೆ ಕಾರಣಕ್ಕೆ. ಕೈಯಲ್ಲಿ ಅರ ಹಿಡಿದು ತನ್ನ ಉಪಕರಣವನ್ನು ತಾನೇ ತಿದ್ದಿಕೊಂಡ ಒಬ್ಬ ಮನುಷ್ಯನಿಗೆ, ಸಮಾನತೆಯ ಹೆಸರಿನಲ್ಲಿ ಬಾಗಿಲು ಹಾಕಿದ್ದು ಹೇಗೆ ಎನ್ನುವುದು ನಮ್ಮ ಪ್ರಶ್ನೆ.

ಏರ್‌ಶೈರ್ ಅಂದೆವಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಸೈಕಲ್ಲಿನ ಚರಿತ್ರೆಯಲ್ಲಿ ಈ ಮೂಲೆ ಮತ್ತೆಮತ್ತೆ ಬರ್ತದೆ. ಅದರ ಪಕ್ಕದ ಡಮ್‌ಫ್ರೀಸ್‌ಶೈರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಮ್ಯಾಕ್‌ಮಿಲನ್ ಎಂಬ ಕಮ್ಮಾರ 1839ರ ಸುಮಾರಿಗೇ ಕಾಲಲ್ಲಿ ತುಳಿದು ಓಡಿಸುವ ಎರಡು ಗಾಲಿಯ ಗಾಡಿ ಮಾಡಿದ್ದ ಅನ್ನುತ್ತಾರೆ. ಇದಕ್ಕೆ ಕಾಗದದ ಸಾಕ್ಷಿ ಸಾಲದು ಅಂತ ಚರಿತ್ರೆಕಾರರು ತಕರಾರು ತೆಗೆದಿದ್ದಾರೆ. ತಕರಾರು ನ್ಯಾಯವಾದದ್ದೇ. ಆದರೆ ಅದರ ಒಂದು ಎಳೆ ನಮಗೆ ಬಲು ಸ್ವಾರಸ್ಯವಾಗಿ ಕಂಡಿದೆ. 1842ರಲ್ಲಿ ಗ್ಲಾಸ್ಗೋದ ಒಂದು ಪತ್ರಿಕೆ ಒಂದು ಅಪಘಾತದ ಸುದ್ದಿ ಹಾಕಿತ್ತು. ಡಮ್‌ಫ್ರೀಸ್‌ಶೈರಿನ ಒಬ್ಬ ಸಭ್ಯಗೃಹಸ್ಥರು ವಿಚಿತ್ರ ಕೌಶಲದ ಗಾಡಿಯೊಂದರ ಮೇಲೆ ಬಂದು ದಾರಿಹೋಕರಿಗೆ ಗುದ್ದಿ ಐದು ಶಿಲಿಂಗು ದಂಡ ತೆತ್ತರು ಅಂತ. ಅದು ಮ್ಯಾಕ್‌ಮಿಲನ್ನೇ ಅಂತ ಅವನ ಕಡೆಯವರು. ಅವನಲ್ಲ, ಯಾಕೆಂದರೆ ಕಮ್ಮಾರನನ್ನು ಆ ಕಾಲದ ಪತ್ರಿಕೆ ಸಭ್ಯಗೃಹಸ್ಥ ಅಂತ ಕರೆಯುತ್ತಿರಲಿಲ್ಲ ಅಂತ ಎದುರು ಕಡೆಯವರು. ನೋಡಿ ಹೇಗಿದೆ! ಅವನು ಕಮ್ಮಾರನಾಗಿದ್ದದ್ದೇ ಅವನು ಅದನ್ನು ಮಾಡಲಿಲ್ಲ ಅನ್ನೋದಕ್ಕೆ ಪುರಾವೆ. ವಾದ ಸರಿ ಇರಬಹುದು, ಆದರೆ ಬರೆಯುವ ಕೈಗೂ ಬಡಿಯುವ ಕೈಗೂ ನಡುವೆ ಎಷ್ಟು ದೂರ ಇತ್ತು ಅನ್ನೋದು ಅದರಲ್ಲೇ ಗೊತ್ತಾಗ್ತದೆ.

ಓಬ್ರೀ ಬೆಳೆದ ಊರಿನ ನೆರೆಯಲ್ಲೇ ಕಿಲ್ಮಾರ್ನಕ್. ಅಲ್ಲಿ ಥಾಮಸ್ ಮೆಕಾಲ್ ಎಂಬ ಗಾಡಿ ಮಾಡುವವನು 1869ರಲ್ಲಿ ಸನ್ನೆಗೋಲಿನಿಂದ ಹಿಂದಿನ ಗಾಲಿ ತಿರುಗಿಸುವ ಸೈಕಲ್ಲು ಮಾಡಿದ. ಅವನದಕ್ಕೆ ಕಾಗದ ಉಂಟು. ಇನ್ನೊಂದು ದಿಕ್ಕಿನಲ್ಲಿ ಡ್ರೆಗಾರ್ನ್. ಅಲ್ಲಿ 1840ರಲ್ಲಿ ಹುಟ್ಟಿದ ಜಾನ್ ಬಾಯ್ಡ್ ಡನ್‌ಲಪ್ ಮುಂದೆ ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರಾದ. ತನ್ನ ಚಿಕ್ಕ ಮಗನ ಮೂರು ಗಾಲಿಯ ಗಾಡಿ ಕುಲುಕಾಡದಿರಲಿ ಅಂತ 1887ರಲ್ಲಿ ಮನೆಯಲ್ಲೇ ರಬ್ಬರಿನ ಹಾಳೆ ಅಂಟಿಸಿ, ಕೊಳವೆ ಮಾಡಿ, ಗಾಳಿ ತುಂಬಿ ಗಾಲಿಗೆ ಸುತ್ತಿದ. ಇವತ್ತು ನಮ್ಮ ಮೇಷ್ಟ್ರು ಶಾಲೆಗೆ ಹೋಗುವ ಸೈಕಲ್ಲಿನ ಟ್ಯೂಬು ಆ ಮನೆಗೆಲಸದ ಮೊಮ್ಮಗ. 1888ರಲ್ಲಿ ಅವನು ಪೇಟೆಂಟು ತಗೊಂಡ. ಇದನ್ನೇ 1845ರಲ್ಲಿ ಇನ್ನೊಬ್ಬ ಸ್ಕಾಟ್, ರಾಬರ್ಟ್ ಥಾಮ್ಸನ್, ಮಾಡಿಯಾಗಿತ್ತು ಅಂತ ಗೊತ್ತಾಗಿ ಆ ಪೇಟೆಂಟು ಬಿದ್ದುಹೋಯಿತು. ಡನ್‌ಲಪ್ ಎಂಬ ಹೆಸರು ಮಾತ್ರ ಕಂಪನಿಯ ಹಣೆಯ ಮೇಲೆ ಉಳಿಯಿತು. ಹೆಸರಿನ ಒಡೆಯನಿಗೆ ಆ ಕಂಪನಿಯಿಂದ ದೊಡ್ಡ ಆಸ್ತಿಯೇನೂ ಆಗಲಿಲ್ಲ.

ಅಪ್ಪ ಮಗನಿಗಾಗಿ ಮಾಡಿದ ಟೈರು ಪೇಟೆಗೆ ಬಂದ ಮೇಲೆ ಏನಾಯಿತು ಅನ್ನೋದನ್ನೂ ಮರೆಯಬಾರದು. ಲೋಕವೆಲ್ಲ ರಬ್ಬರು ಕೇಳಿತು. ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡ್ 1885ರಿಂದ 1908ರ ತನಕ ಕಾಂಗೋವನ್ನು ತನ್ನ ಸ್ವಂತ ಜಮೀನಿನಂತೆ ಇಟ್ಟುಕೊಂಡು, ಕಾಡಿನ ಬಳ್ಳಿಗಳಿಂದ ರಬ್ಬರು ಹಿಂಡಿಸಿದ. ಅವನ ಸಿಪಾಯಿಗಳು ಕತ್ತರಿಸಿದ ಕೈಗಳ ಫೋಟೋಗಳು ಇವತ್ತೂ ಇವೆ. ಸೈಕಲ್ಲಿನ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿಕೊಂಡು ಹೋಗುತ್ತಾರೆ. ನಾವು ಹಾರಿಸಲಾರೆವು.

ಓಬ್ರೀ ಮಾಡಿದ್ದು ಏನು ಅಂತ ಈಗ ಬಿಡಿಸಿ ನೋಡೋಣ. ಸೈಕಲ್ಲಿಗೆ ಶತ್ರು ಗಾಳಿ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ತುಳಿಯುವವನ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಯನ್ನು ಸೀಳಲಿಕ್ಕೇ ಖರ್ಚಾಗ್ತದೆ. ಅದೂ ನೇರ ಲೆಕ್ಕದಲ್ಲಲ್ಲ. 40ರಿಂದ 50ಕ್ಕೆ ಏರಬೇಕಾದರೆ ಗಾಳಿಯ ಎದುರು ಹೆಚ್ಚುಕಮ್ಮಿ ಎರಡರಷ್ಟು ಶಕ್ತಿ ಬೇಕು. ಹಾಗಾಗಿ ಕಾಲಿನ ಬಲ ಹೆಚ್ಚಿಸೋದಕ್ಕಿಂತ ಗಾಳಿಗೆ ಎದೆ ಒಡ್ಡೋದನ್ನು ಕಮ್ಮಿ ಮಾಡೋದರಲ್ಲಿ ಲಾಭ ಜಾಸ್ತಿ. ಇದು ಪುಸ್ತಕದಲ್ಲಿರುವ ವಿದ್ಯೆ, ಆಗಲೂ ಇತ್ತು. ದುಡ್ಡಿದ್ದ ತಂಡಗಳು ಅದಕ್ಕೆ ದುಬಾರಿ ಚಕ್ರ, ದುಬಾರಿ ಟೊಪ್ಪಿಗೆ ಕೊಂಡವು. ಓಬ್ರೀ ಮಾಡಿದ್ದು, ತನ್ನ ಮೈಯನ್ನೇ ಮಡಚಿದ್ದು.

ಸಾಮಾನ್ಯವಾಗಿ ಓಟದ ಸೈಕಲ್ಲಿನ ಹ್ಯಾಂಡಲ್ಲು ಕೊಂಬಿನ ಹಾಗೆ ಬಾಗಿರ್ತದೆ. ಅವನು ಅದನ್ನು ಕಿತ್ತು, ನೆಟ್ಟಗಿನ ಗಿಡ್ಡ ಹ್ಯಾಂಡಲ್ಲನ್ನು ಎದೆಯ ಕೆಳಗೆ ಬರುವಷ್ಟು ಹಿಂದಕ್ಕೆ ತಂದ. ಮೊಣಕೈ ಮಡಚಿ, ತೋಳುಗಳನ್ನು ಪಕ್ಕೆಗೆ ಒತ್ತಿ, ಎದೆಯನ್ನು ಕೈಗಳ ಮೇಲೆ ಇಟ್ಟ. ಹಿಮದ ಇಳಿಜಾರಿನಲ್ಲಿ ಜಾರುವವರು ಹಾಗೆ ಕುಗ್ಗುತ್ತಾರಂತೆ. ನಮಗೆ ಹಿಮ ಗೊತ್ತಿಲ್ಲ. ಮಳೆಗೆ ರೆಕ್ಕೆ ಮುದುರಿ ಕೂತ ಕೋಳಿ ಗೊತ್ತು, ಹಾಗೆ ಅಂದುಕೊಳ್ಳಿ. ಎಂಬತ್ತರ ದಶಕದಿಂದಲೇ ಅವನು ಹೀಗೆ ತುಳಿಯುತ್ತಿದ್ದ. ಜನ ನಗುತ್ತಿದ್ದರು.

ಹೀಗೆ ಕುಗ್ಗಿದರೆ ಮಂಡಿ ಮೇಲಕ್ಕೆ ಬಂದು ಚೌಕಟ್ಟಿನ ಅಡ್ಡಕೊಳವೆಗೆ ಬಡಿಯುತ್ತದೆ. ನಮ್ಮ ಕಡೆ ಹೆಂಗಸರ ಸೈಕಲ್ಲಿಗೆ ಇಲ್ಲದ ಆ ಬಾರು ಇದೆಯಲ್ಲ, ಅದು. ಅವನು ಆ ಬಾರನ್ನೇ ತೆಗೆದು ಹಾಕಿದ. ಎರಡು ಪೆಡ್ಲುಗಳ ನಡುವಿನ ಅಂತರವೂ ಅವನಿಗೆ ಜಾಸ್ತಿ ಅನ್ನಿಸಿತ್ತು. ಮನುಷ್ಯ ನಡೆಯುವಾಗ ಪಾದಗಳು ಒಂದಕ್ಕೊಂದು ಹತ್ತಿರ ಬೀಳ್ತವೆ, ಸೈಕಲ್ಲಿನ ಮೇಲೆ ಮಾತ್ರ ಯಾಕೆ ಕಾಲು ಅಗಲಿಸಿ ತುಳೀಬೇಕು ಅಂತ ಅವನ ಪ್ರಶ್ನೆ. ಕಾಲು ಹತ್ತಿರ ಬಂದರೆ ಗಾಳಿಗೂ ಜಾಗ ಕಮ್ಮಿ. ಅಂತರ ಕಮ್ಮಿ ಮಾಡಬೇಕಾದರೆ ಪೆಡ್ಲಿನ ಅಚ್ಚು ಕೂರುವ ಗೂಡನ್ನು ಕಿರಿದು ಮಾಡಬೇಕು. ಅಂಥ ಗೂಡು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಯಾಕೆಂದರೆ ಯಾರೂ ಅದನ್ನು ಮಾಡಿರಲಿಲ್ಲ.

ನಮ್ಮ ಹಳೇ ಸೈಕಲ್ಲಿನ ಗೂಡು ಬಿಚ್ಚಿ ನೋಡಿದವರಿಗೆ ಒಳಗಿನ ವ್ಯವಸ್ಥೆ ಗೊತ್ತು. ಎರಡು ಕಡೆ ಎರಡು ಬಟ್ಟಲು, ಬಟ್ಟಲಲ್ಲಿ ಗ್ರೀಸು ಮೆತ್ತಿದ ಬಿಡಿ ಗುಂಡುಗಳು, ನಡುವೆ ಅಚ್ಚು. ಬಟ್ಟಲು ಬಿಗಿಯಾದರೆ ತುಳಿಯೋಕಾಗಲ್ಲ, ಸಡಿಲವಾದರೆ ಕಟಕಟ ಅನ್ನುತ್ತದೆ. ಒಗೆಯುವ ಮೆಷಿನ್ನಿನ ಬೇರಿಂಗು ಬೇರೆ ಜಾತಿ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವೆ ಗುಂಡುಗಳನ್ನು ಭದ್ರವಾಗಿ ಕೂಡಿಸಿಟ್ಟಿರುತ್ತಾರೆ. ಇಡಿಯಾಗಿ ಒತ್ತಿ ಕೂರಿಸಿದರೆ ಆಯಿತು, ತಿರುಪು ಬಿಗಿಮಾಡುವ ಗೋಜಿಲ್ಲ. ಒದ್ದೆ ಬಟ್ಟೆಯ ಭಾರ ಹೊತ್ತು ಆ ಮೆಷಿನ್ನು ನಿಮಿಷಕ್ಕೆ 1,200 ಸುತ್ತು ತಿರುಗುವುದನ್ನು ಓಬ್ರೀ ನೋಡಿದ. ಪೆಡ್ಲು ತಿರುಗೋದು ನಿಮಿಷಕ್ಕೆ ನೂರರ ಆಸುಪಾಸು. ಅಷ್ಟನ್ನು ತಡೆಯೋ ಬೇರಿಂಗು ಇಷ್ಟನ್ನು ತಡೆಯಲಾರದೇ? ಬಿಚ್ಚಿದ. ಸರಳವಾದ ತರ್ಕ. ಆದರೆ ಮನೆಯಲ್ಲಿ ಗರ್ರೆನ್ನುವ ಮೆಷಿನ್ನನ್ನು ನೋಡಿದ ಕೋಟಿ ಜನರಲ್ಲಿ ಈ ತರ್ಕ ಹೊಳೆದದ್ದು ಯಾರಿಗೆ?

ಬೆಸುಗೆಯ ಮಾತು. ಉಕ್ಕಿನ ಕೊಳವೆಗಳನ್ನು ಕೂಡಿಸಲಿಕ್ಕೆ ಸಣ್ಣ ಸೈಕಲ್ ತಯಾರಕರು ಹಿತ್ತಾಳೆ ಬೆಸುಗೆ ಹಾಕುತ್ತಾರೆ. ಉಕ್ಕು ಕರಗಲಿಕ್ಕೆ 1,500 ಡಿಗ್ರಿಯ ಹತ್ತಿರ ಕಾವು ಬೇಕು. ಹಿತ್ತಾಳೆ 900ರ ಸುಮಾರಿಗೇ ನೀರಾಗ್ತದೆ. ಕೊಳವೆಯ ಬಾಯನ್ನು ಅರದಲ್ಲಿ ಉಜ್ಜಿ, ಮೀನಿನ ಬಾಯಿಯ ಹಾಗೆ ಕಚ್ಚಿಕೊಳ್ಳುವಂತೆ ಮಾಡಿ, ಉಕ್ಕನ್ನು ಕೆಂಪಗೆ ಕಾಯಿಸಿ ಹಿತ್ತಾಳೆಯ ಕಡ್ಡಿ ಮುಟ್ಟಿಸಿದರೆ ಅದು ಸಂದಿಗೆಲ್ಲ ಹರಿದು ಹಿಡಿದುಕೊಳ್ಳುತ್ತದೆ. ಕಾವು ಕಮ್ಮಿಯಾದರೆ ಹಿಡಿಯೋದಿಲ್ಲ, ಜಾಸ್ತಿಯಾದರೆ ಕೊಳವೆ ಸುಟ್ಟು ಬಿರುಸಾಗ್ತದೆ. ಉಕ್ಕಿನ ಬಣ್ಣ ನೋಡಿ ತಿಳೀಬೇಕು. ಅದನ್ನು ಕಾಲೇಜಿನಲ್ಲಿ ಹೇಳಿಕೊಡಬಹುದು, ಆದರೆ ಬರೋದು ಕೈಗೆ. ಓಬ್ರೀ ತನ್ನ ಅಂಗಡಿಗಾಗಿ ಚೌಕಟ್ಟುಗಳನ್ನು ಬೆಸೆದು ಕೈ ಪಳಗಿಸಿಕೊಂಡಿದ್ದ. ಅಂಗಡಿ ಹೋಯಿತು, ಕೈ ಉಳಿಯಿತು. ತಯಾರಾದ ಸೈಕಲ್ಲಿಗೆ ಅವನಿಟ್ಟ ಹೆಸರು ಓಲ್ಡ್ ಫೇತ್‌ಫುಲ್. ನಮ್ಮ ಮಾತಲ್ಲಿ ಹಳೇ ನಂಬಿಗಸ್ಥ. ಎತ್ತಿಗೋ ನಾಯಿಗೋ ಇಡೋ ಹೆಸರು.

ಹಾಮರಿನಲ್ಲಿ ಮಾರನೆಯ ವರ್ಷದ ಚಳಿಗಾಲದ ಒಲಿಂಪಿಕ್ಸಿಗಾಗಿ ಕಟ್ಟಿದ್ದ, ಬೋರಲು ಹಾಕಿದ ಹಡಗಿನಂಥ ದೊಡ್ಡ ಸಭಾಂಗಣ. ಓಬ್ರೀ ಕಣವನ್ನು 24 ಗಂಟೆಗೆ ಗೊತ್ತುಮಾಡಿಕೊಂಡಿದ್ದ. ಜುಲೈ 16ರಂದು ಮೊದಲ ಯತ್ನ. ಅವತ್ತು ಅವನು ಹತ್ತಿದ್ದು ಹಳೇ ನಂಬಿಗಸ್ಥನನ್ನಲ್ಲ. ಅದರ ಮಾದರಿ ನೋಡಿ ನುರಿತ ಕೈಗಳು ಮಾಡಿಕೊಟ್ಟಿದ್ದ ಹೊಸ ನಕಲನ್ನು. ಹೆಚ್ಚುಕಮ್ಮಿ ಒಂದು ಕಿಲೋಮೀಟರಿನಿಂದ ಸೋತ. ಬಂದವರೆಲ್ಲ ಕತೆ ಮುಗೀತು ಅಂದುಕೊಂಡರು. ಗಂಟೆಯ ದಾಖಲೆಗೆ ತುಳಿದವನ ಮೈ ದಿನಗಟ್ಟಲೆ ಸುಧಾರಿಸಿಕೊಳ್ಳೋದಿಲ್ಲ. ಇವನು ನಾಳೆ ಬೆಳಿಗ್ಗೆ ಮತ್ತೆ ತುಳೀತೀನಿ ಅಂದ.

ಅವತ್ತು ರಾತ್ರಿ ಅವನು ಮಾಡಿದ ಉಪಾಯ ಕೇಳಿ. ಮಲಗಿದರೆ ಸ್ನಾಯುಗಳು ಬಿಗಿದು ಕಟ್ಟಿಗೆಯಾಗಿಬಿಡ್ತವೆ. ಅದಕ್ಕೆ ಲೋಟಗಟ್ಟಲೆ ನೀರು ಕುಡಿದ. ಎರಡೆರಡು ಗಂಟೆಗೆ ಮೂತ್ರಕ್ಕೆ ಏಳಲೇಬೇಕು. ಎದ್ದಾಗಲೆಲ್ಲ ಕಾಲು ಚಾಚಿ ಸಡಿಲಿಸಿಕೊಳ್ಳಬೇಕು. ಅಲಾರಾಂ ಕೂಡ ಮೈಯೊಳಗೇ ಮಾಡಿಕೊಂಡ ಮನುಷ್ಯ! ಬೆಳಿಗ್ಗೆ 7 ಗಂಟೆ 55 ನಿಮಿಷಕ್ಕೆ ಖಾಲಿ ಸಭಾಂಗಣಕ್ಕೆ ಬಂದ. ಐದು ನಿಮಿಷದಲ್ಲಿ ಕಣದ ಮೇಲಿದ್ದ. ಈ ಸಲ ತನ್ನದೇ ಸೈಕಲ್ಲು. ಒಂಬತ್ತು ಗಂಟೆಯ ಹೊತ್ತಿಗೆ ಮೋಸರನ ದಾಖಲೆ ಹಿಂದೆ ಬಿದ್ದಿತ್ತು.

ಆ ದಾಖಲೆ ಒಂದು ವಾರವೂ ಉಳಿಯಲಿಲ್ಲ. ಜುಲೈ 23ರಂದು ಫ್ರಾನ್ಸಿನ ಬೋರ್ಡೋದಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 52.270 ತುಳಿದ. ಬೋರ್ಡ್‌ಮನ್ ಹಿಂದಿನ ವರ್ಷ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಲೋಟಸ್ ಕಾರು ಕಂಪನಿಯ ಕಾರ್ಬನ್ ಸೈಕಲ್ಲಿನ ಮೇಲೆ ಚಿನ್ನ ಗೆದ್ದವನು. ಪತ್ರಿಕೆಗಳಿಗೆ ಹಬ್ಬ. ಅಡಿಗೆಮನೆಗೂ ಪ್ರಯೋಗಶಾಲೆಗೂ ಕುಸ್ತಿ ಅಂತ ಬರೆದವು. ಬೋರ್ಡ್‌ಮನ್ನೂ ಒಲಿಂಪಿಕ್ಸಿಗೆ ಹೋಗುವಾಗ ಕೆಲಸವಿಲ್ಲದ ಬಡಗಿಯಾಗಿದ್ದ ಅನ್ನೋದು ಆ ಕುಸ್ತಿಯ ವರದಿಯಲ್ಲಿ ಕೆಳಗೆ ಸರಿಯಿತು. ಇಬ್ಬರು ಕೈಕಸುಬಿನವರನ್ನು ಎದುರುಬದುರು ನಿಲ್ಲಿಸಿ ಕೋಳಿಜಗಳ ಮಾಡಿಸಿ ನೋಡೋ ಕಣ್ಣು ಎಲ್ಲ ಕಡೆಯೂ ಒಂದೇ. ಓಬ್ರೀ 1994ರ ಏಪ್ರಿಲ್ 27ರಂದು ಅದೇ ಬೋರ್ಡೋಗೆ ಹೋಗಿ 52.713 ತುಳಿದು ದಾಖಲೆ ವಾಪಸು ತಂದ. ನಡುವೆ, 1993ರಲ್ಲೇ, ಬೆನ್ನಟ್ಟುವ ಪಂದ್ಯದಲ್ಲಿ ವಿಶ್ವ ಚಾಂಪಿಯನ್ನೂ ಆಗಿದ್ದ.

ಎಷ್ಟು ಗೆದ್ದರೂ ಪತ್ರಕರ್ತರು ಕೇಳಿದ್ದು ಒಂದೇ: ಆ ವಾಷಿಂಗ್ ಮೆಷಿನ್ನು! ಬೇರಿಂಗಿನ ಸುದ್ದಿ ಯಾಕಾದರೂ ಹೇಳಿದೆನೋ ಅಂತ ಓಬ್ರೀ ಆಮೇಲೆ ಪಶ್ಚಾತ್ತಾಪ ಪಟ್ಟ. ನಮಗೆ ಇದು ಅರ್ಥವಾಗ್ತದೆ. ಮೈಯ ಭಂಗಿಯನ್ನೇ ಹೊಸದಾಗಿ ಕಂಡುಹಿಡಿದವನು, ಚೌಕಟ್ಟಿನ ಆಕಾರವನ್ನೇ ಪ್ರಶ್ನಿಸಿದವನು ಇವನು. ಕಂಪನಿಯ ಎಂಜಿನಿಯರು ಇದನ್ನೇ ಮಾಡಿದ್ದರೆ ಸಂಶೋಧನೆ ಅನ್ನಿಸಿಕೊಳ್ಳುತ್ತಿತ್ತು. ಅಂಗಡಿ ಮುಳುಗಿದವನು ಮಾಡಿದಾಗ ತಮಾಷೆಯಾಯಿತು. ಹೊಗಳುವವರೂ ಅವನನ್ನು ಹುಚ್ಚು ಪ್ರತಿಭೆ ಅಂತಲೇ ಹೊಗಳಿದರು. ಹುಚ್ಚು ಅನ್ನುವ ಮಾತು ಅವನ ವಿಷಯದಲ್ಲಿ ಹಗುರವಾದದ್ದಲ್ಲ. ಮನಸ್ಸು ಒಮ್ಮೆ ಮುಗಿಲಿಗೂ ಒಮ್ಮೆ ಪಾತಾಳಕ್ಕೂ ಎಳೆದಾಡುವ ಕಾಯಿಲೆ ಅವನಿಗಿತ್ತು. ಸಾಯಲು ಯತ್ನಿಸಿದ್ದನ್ನೂ ಅವನೇ 2003ರಲ್ಲಿ ತನ್ನ ಆತ್ಮಕತೆಯಲ್ಲಿ ಬರೆದುಕೊಂಡ. ಆದರೆ ಆ ಸೈಕಲ್ಲಿನಲ್ಲಿ ಹುಚ್ಚು ಏನೂ ಇರಲಿಲ್ಲ. ಅದರ ಒಂದೊಂದು ಕೊಳವೆಗೂ ಕಾರಣ ಇತ್ತು. ಮೋಸರನಿಗೇ ಅದು ತಿಳಿಯಿತು. 1994ರ ಜನವರಿಯಲ್ಲಿ, 42ನೆಯ ವಯಸ್ಸಿನಲ್ಲಿ, ಅವನು ಮತ್ತೆ ಮೆಕ್ಸಿಕೋಗೆ ಹೋಗಿ ಓಬ್ರೀಯ ಭಂಗಿಯಲ್ಲೇ ಕುಗ್ಗಿ ತುಳಿದು ತನ್ನ ಹತ್ತು ವರ್ಷ ಹಿಂದಿನ ದೂರವನ್ನು ಮೀರಿದ.

ದೊಡ್ಡವರು ನಕಲು ಮಾಡತೊಡಗಿದ ಮೇಲೆ ಯುಸಿಐ ಎಂಬ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಎಚ್ಚೆತ್ತಿತು. 1994ರಲ್ಲಿ ಸಿಸಿಲಿಯಲ್ಲಿ ವಿಶ್ವ ಚಾಂಪಿಯನ್ ಪಂದ್ಯ. ಕಳೆದ ವರ್ಷ ಗೆದ್ದವನು ತನ್ನ ಪಟ್ಟ ಉಳಿಸಿಕೊಳ್ಳಲು ಬಂದಿದ್ದಾನೆ. ಕಣಕ್ಕಿಳಿಯಲು ಒಂದು ಗಂಟೆ ಇರುವಾಗ ಅಧಿಕಾರಿಗಳು ಬಂದು, ನೀನು ಈ ಭಂಗಿಯಲ್ಲಿ ತುಳಿಯುವ ಹಾಗಿಲ್ಲ ಅಂದರು. ಒಂದು ಗಂಟೆ! ಇಲ್ಲೂ ಗಂಟೆಯೇ. ಅವನು ಒಪ್ಪಲಿಲ್ಲ, ಹಾಗೇ ತುಳಿದ. ಪಂದ್ಯದಿಂದ ತೆಗೆದುಹಾಕಿದರು.

ಅವನು ಮನೆಗೆ ಹೋಗಿ ಅಳುತ್ತ ಕೂರಲಿಲ್ಲ. ಕೈ ಮಡಚಬಾರದು ತಾನೆ? ಚಾಚುತ್ತೇನೆ ಅಂದ. ಎರಡೂ ತೋಳನ್ನು ಮುಂದಕ್ಕೆ ಪೂರಾ ಚಾಚಿ, ಹಾರುವವನ ಹಾಗೆ ಮೈ ಚೆಲ್ಲಿದ. ಜನ ಅದಕ್ಕೆ ಸೂಪರ್‌ಮನ್ ಭಂಗಿ ಅಂದರು. ಅದರಲ್ಲೇ 1995ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದ. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಬೆನ್ನಟ್ಟುವ ಪಂದ್ಯದಲ್ಲಿ ಚಿನ್ನ ಗೆದ್ದ ಇಟಲಿಯವನು ತುಳಿದದ್ದು ಅದೇ ಭಂಗಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೋರ್ಡ್‌ಮನ್ ಮ್ಯಾಂಚೆಸ್ಟರಿನಲ್ಲಿ 56.375 ಕಿಲೋಮೀಟರು ತುಳಿದದ್ದೂ ಅದರಲ್ಲೇ. ಆಮೇಲೆ ಒಕ್ಕೂಟ ಅದನ್ನೂ ನಿಷೇಧಿಸಿತು.

ಒಕ್ಕೂಟದ ವಾದ ಏನು? ಅದನ್ನೂ ಪೂರ್ತಿ ಕೇಳಬೇಕು, ಯಾಕೆಂದರೆ ಅದು ನಮ್ಮ ಭಾಷೆಯಲ್ಲೇ ಮಾತಾಡ್ತದೆ. 1996ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಅದು ಒಂದು ಸನ್ನದು ಹೊರಡಿಸಿತು. ಪಂದ್ಯ ಮನುಷ್ಯರ ನಡುವೆ ನಡೆಯಬೇಕು, ಯಂತ್ರಗಳ ನಡುವೆ ಅಲ್ಲ. ಎಲ್ಲರೂ ಸಮಾನ ನೆಲದ ಮೇಲೆ ನಿಲ್ಲಬೇಕು. ತಂತ್ರಜ್ಞಾನ ದುಬಾರಿಯಾದಂತೆ ಬಡ ದೇಶಗಳ ಸವಾರರು ಹಿಂದೆ ಬೀಳುತ್ತಾರೆ. ತಪ್ಪು ಎಲ್ಲಿದೆ ಹೇಳಿ. ಮೇಲುನೋಟಕ್ಕೆ ಎಲ್ಲೂ ಇಲ್ಲ. ನಾವೇ ಬರೆದುಕೊಟ್ಟ ಹಾಗಿದೆ.

ಆದರೆ ನಿಷೇಧಕ್ಕೆ ಒಳಗಾದದ್ದು ಯಾವುದು ನೋಡಿ. ಎರಡು ಸಲವೂ ಭಂಗಿ. ಭಂಗಿಗೆ ಕಾಸು ಬೇಕಿಲ್ಲ. ಹ್ಯಾಂಡಲ್ಲನ್ನು ನಾಲ್ಕು ಬೆರಳು ಹಿಂದಕ್ಕೋ ಮುಂದಕ್ಕೋ ತರಲಿಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಇಡೀ ಆಟದಲ್ಲಿ ಬಡವನೂ ಬಳಸಬಹುದಾಗಿದ್ದ ಒಂದೇ ಒಂದು ಹೊಸ ವಿದ್ಯೆ ಅದು. ಅದನ್ನು ಬಡವರ ಹೆಸರು ಹೇಳಿ ಮುಚ್ಚಿದರು. ಚೌಕಟ್ಟಿನ ಆಕಾರಕ್ಕೂ ನಿಯಮ ಬಂತು: ಮೂರು ಮೂಲೆಯ ಹಳೆಯ ಆಕಾರವೇ ಇರಬೇಕು, ಸೀಟಿನ ತುದಿ ಪೆಡ್ಲಿನ ಅಚ್ಚಿಗಿಂತ ಕನಿಷ್ಠ 5 ಸೆಂಟಿಮೀಟರು ಹಿಂದಿರಬೇಕು. ಅಡ್ಡಕೊಳವೆಯಿಲ್ಲದ ಹಳೇ ನಂಬಿಗಸ್ಥ ಆ ಗೆರೆಯಾಚೆ ಬಿದ್ದ.

ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು. ಪಂದ್ಯದಲ್ಲಿ ಬಳಸುವ ಸೈಕಲ್ಲು, ಭಾಗ, ಎಲ್ಲವೂ ಪೇಟೆಯಲ್ಲಿ ಕೊಳ್ಳಲು ಸಿಗುವಂಥದ್ದಾಗಿರಬೇಕು. ಸಿಕ್ಕರೆ ಸಮಾನ, ಅಷ್ಟೇ. ಬೆಲೆ ಎಷ್ಟು, ಯಾರು ಕೊಳ್ಳಬಲ್ಲರು ಅಂತ ನಿಯಮ ಕೇಳೋದಿಲ್ಲ. 2011ರಿಂದ ಹೊಸ ಮಾದರಿಯ ಚೌಕಟ್ಟಿಗೆ ಒಕ್ಕೂಟದ ಮಂಜೂರಾತಿ ಚೀಟಿಯನ್ನೂ ಅಂಟಿಸಬೇಕಾಯಿತು; ಚೀಟಿಗೆ ತಯಾರಕರು ಶುಲ್ಕ ಕಟ್ಟಬೇಕು. ಕೊಂಡದ್ದು ನ್ಯಾಯ, ಮಾಡಿಕೊಂಡದ್ದು ಅನ್ಯಾಯ. ಹಬ್ಬಕ್ಕೆ ಎಲ್ಲರೂ ಹೊಸ ಬಟ್ಟೆ ಉಟ್ಟು ಬನ್ನಿ, ಭೇದಭಾವ ಇರಬಾರದು ಅಂತ ಡಂಗುರ ಸಾರಿಸಿ, ಮನೆಯಲ್ಲಿ ನೇಯ್ದ ಬಟ್ಟೆಗೆ ಮಾತ್ರ ಪ್ರವೇಶ ಇಲ್ಲ ಅಂದ ಹಾಗೆ.

2000ದಲ್ಲಿ ಒಕ್ಕೂಟ ಇನ್ನೂ ಹಿಂದಕ್ಕೆ ಹೋಯಿತು. 1972ರ ಮರ್ಕ್ಸನ ಕಾಲದ ತರಹದ ಸೈಕಲ್ಲಿನಲ್ಲಿ ತುಳಿದದ್ದೇ ನಿಜವಾದ ಗಂಟೆಯ ದಾಖಲೆ ಅಂತ ತೀರ್ಪು ಕೊಟ್ಟು, ಆಮೇಲಿನವನ್ನೆಲ್ಲ ಬೇರೆ ಪಟ್ಟಿಗೆ ದಬ್ಬಿತು. ಮೋಸರ್, ಓಬ್ರೀ, ಬೋರ್ಡ್‌ಮನ್, ಎಲ್ಲರೂ ಒಂದೇ ಕಾಗದದಲ್ಲಿ ಹೊರಗೆ. ಆ ವರ್ಷವೇ ಬೋರ್ಡ್‌ಮನ್ ಹಳೇ ತರಹದ ಸೈಕಲ್ಲು ಹತ್ತಿ 49.441 ತುಳಿದ. ಮರ್ಕ್ಸನಿಗಿಂತ ಹತ್ತು ಮೀಟರು ಹೆಚ್ಚು. 56ರಿಂದ 49ಕ್ಕೆ! ಒಬ್ಬನೇ ಮನುಷ್ಯ, ನಾಲ್ಕು ವರ್ಷದ ಅಂತರ.

ಅದೂ ನಡೆಯಲಿಲ್ಲ. ಹಳೇ ಸೈಕಲ್ಲು ಯಾವ ಕಂಪನಿಗೆ ಬೇಕು? 2014ರಲ್ಲಿ ನಿಯಮ ಮತ್ತೆ ಬದಲಾಯಿತು, ಪೇಟೆಯಲ್ಲಿರುವ ಹೊಸ ಸೈಕಲ್ಲುಗಳಿಗೆ ಬಾಗಿಲು ತೆರೆಯಿತು. 2022ರ ಅಕ್ಟೋಬರ್ 8ರಂದು ಸ್ವಿಟ್ಜರ್ಲೆಂಡಿನ ಗ್ರೆಂಖನ್ನಿನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿಲೋಮೀಟರು ತುಳಿದ. ಸವಾರ ಗಟ್ಟಿಗ, ಅವನ ಬಗ್ಗೆ ನಮ್ಮ ತಕರಾರಿಲ್ಲ. ಅವನ ಪಿನಾರೆಲ್ಲೊ ಸೈಕಲ್ಲಿನ ಚೌಕಟ್ಟನ್ನು ಕಂಪ್ಯೂಟರಿನ ನಕ್ಷೆಯ ಪ್ರಕಾರ ಲೋಹದ ಪುಡಿಯನ್ನು ಪದರಪದರವಾಗಿ ಕರಗಿಸಿ ಅಚ್ಚೊತ್ತಿದ್ದರು. ಮಾರಾಟಕ್ಕೂ ಇಟ್ಟಿದ್ದರು, ಆದ್ದರಿಂದ ಸಮಾನತೆಗೆ ಭಂಗವಿಲ್ಲ. ಆ ಸೈಕಲ್ಲಿನ ವಿಶೇಷಗಳಲ್ಲಿ ಒಂದು, ಪೆಡ್ಲಿನ ಅಚ್ಚು ಕೂರುವ ಗೂಡನ್ನು ಮಾಮೂಲಿಗಿಂತ ಕಿರಿದು ಮಾಡಿದ್ದು. ಕಾಲು ಹತ್ತಿರ ಬಂದರೆ ಗಾಳಿಗೆ ಜಾಗ ಕಮ್ಮಿ ಅಂತ.

ಓಬ್ರೀ ಏನಾದ ಅಂತ ಗೆಳೆಯರು ಕೇಳಬಹುದು. 2006ರಲ್ಲಿ ಅವನ ಮೇಲೆ ಸಿನಿಮಾ ಬಂತು. ಅವನು ಏರ್‌ಶೈರಿನ ಕಡಲ ದಂಡೆಯ ಸಾಲ್ಟ್‌ಕೋಟ್ಸ್ ಎಂಬ ಊರಿನ ಒಂದು ಮನೆಯಲ್ಲಿದ್ದುಕೊಂಡು ಇನ್ನೊಂದು ಕೆಲಸಕ್ಕೆ ಕೈ ಹಾಕಿದ. ಮನುಷ್ಯನ ಕಾಲಿನ ಬಲದಿಂದಲೇ ಗಂಟೆಗೆ ನೂರು ಮೈಲಿ ಓಡಬೇಕು ಅನ್ನೋ ಹಟ. ಈ ಪಂದ್ಯ ಒಕ್ಕೂಟದ ಕೈಯಲ್ಲಿಲ್ಲ. ಎಂಥ ಆಕಾರವಾದರೂ ಸರಿ. ತಲೆ ಮುಂದು ಮಾಡಿ ಬೋರಲು ಮಲಗಿ ತುಳಿಯುವ, ಮೇಲೆ ಮೀನಿನಂಥ ಚಿಪ್ಪು ಹೊದ್ದ ಗಾಡಿಯನ್ನು ತನ್ನ ಅಡಿಗೆಮನೆಯಲ್ಲೇ ಕಟ್ಟಿದ. ಹೆಗಲು ಊರಲಿಕ್ಕೆ ಆಸರೆ ಬೇಕಾಗಿತ್ತು. ಒಂದು ಹಳೇ ಪಾತ್ರೆಯನ್ನು ಕೊಯ್ದು ಅದರಿಂದ ಮಾಡಿಕೊಂಡ. 2013ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೆವಾಡಾದ ಬ್ಯಾಟಲ್ ಮೌಂಟನ್ ರಸ್ತೆಯಲ್ಲಿ ಅದು ಓಡಿತು. ನೂರು ಮೈಲಿ ಆಗಲಿಲ್ಲ. 56.62 ಆಯಿತು, ನಮ್ಮ ಲೆಕ್ಕದಲ್ಲಿ ಗಂಟೆಗೆ 91 ಕಿಲೋಮೀಟರು. ಬೋರಲು ಮಲಗಿ ತುಳಿಯುವವರಲ್ಲಿ ಅದೇ ಆವತ್ತಿನ ದಾಖಲೆ. ಅವನಿಗಾಗ ಹೆಚ್ಚುಕಮ್ಮಿ 48 ವರ್ಷ.